ಹನ್ನೊಂದನೇ ಮಹಡಿಯ ಹೀರೆಬಳ್ಳಿ

ಕಳೆದ ಮೇ ತಿಂಗಳಲ್ಲಿ ರಜೆ ಮುಗಿಸಿ ಊರಿಂದ ಪುಣೆಗೆ ಹೊರಟಾಗ ಅವ್ವ ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಮಡಚಿ ಒಂಬತ್ತು ಹೀರೆ ಬೀಜ ಕೊಟ್ಟಳು. ಖಾರಪುಡಿ, ಶೇಂಗಾ ಚಟ್ನಿ, ಕಟಕ ರೊಟ್ಟಿಯ ಗಂಟಿನ ಜೊತೆ ಅದೂ ಒಂದು ಪೊಟ್ಟಣ ಅಂದುಕೊಂಡು ಚೀಲದ ಮೂಲೆಗೆ ತುರುಕಿದೆ. ಬಸ್ ಹತ್ತುವ ಮುಂಚೆ ಆಕೆ ಎರಡು ಸಲ ಕೇಳಿದಳು, ‘ಬೀಜ ಎಲ್ಲಿಟ್ಟಿ?’

ಅವು ನಮ್ಮ ಮನೆಯ ಹೀರೆಯ ಕೊನೆಯ ಬೀಜಗಳು. ಧಾರವಾಡ ಸೀಮೆಯ ನಮ್ಮ ಹಳ್ಳಿ ಮನೆಯ ಹಿತ್ತಲಿನಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಪ್ರತಿ ಮಳೆಗಾಲ ಒಂದು ಹೀರೆಬಳ್ಳಿ ಇರುತ್ತಿತ್ತು. ಗಿಡ್ಡ ಕಾಯಿ, ಕೈಗೆ ಒತ್ತುವಂಥ ಏಣು, ಸಿಪ್ಪೆಯ ಚಟ್ನಿಗೆ ಹೇಳಿ ಮಾಡಿಸಿದ್ದು. ಅವ್ವ ಮದುವೆಯಾಗಿ ಬರುವಾಗ ತವರಿನಿಂದ ತಂದ ಬೀಜದ ವಂಶ. ವರ್ಷಕ್ಕೊಂದು ಕಾಯಿ ಬಳ್ಳಿಯಲ್ಲೇ ಒಣಗಿ, ಅಡುಗೆಮನೆಯ ಜಂತಿಗೆ ಜೋತು ಬೀಳುತ್ತಿತ್ತು. ಎರಡು ವರ್ಷದ ಹಿಂದೆ ಅಣ್ಣ ಮನೆ ಕೆಡವಿ ಹೊಸದು ಕಟ್ಟಿಸಿದ. ಹಿತ್ತಲಿಗೆ ಕಾಂಕ್ರೀಟು ಬಿತ್ತು. ಅವನದೇನೂ ತಪ್ಪಿಲ್ಲ, ಟ್ರ್ಯಾಕ್ಟರ್ ನಿಲ್ಲಿಸಲು ಜಾಗ ಬೇಕಿತ್ತು. ಕೊನೆಯ ಒಣ ಕಾಯಿಯನ್ನು ಅವ್ವ ಒಡೆದು ನೋಡಿದಾಗ ಅರ್ಧಕ್ಕರ್ಧ ಜೊಳ್ಳು. ಗಟ್ಟಿ ಇದ್ದದ್ದು ಈ ಒಂಬತ್ತು.

‘ಎಲ್ಲಾ ಒಮ್ಮೆಲೆ ಹಾಕಬ್ಯಾಡ. ಮೂರು ಇಟಗೊ’ ಅಂದಿದ್ದಳು. ಜೂನ್ ಮೊದಲ ವಾರ, ಮಿರಗದ ಮಳೆ ಹನಿಯುವ ಹೊತ್ತಿಗೆ, ಬಾಲ್ಕನಿಯ ಎರಡು ಹಳೆಯ ಬಣ್ಣದ ಬಕೆಟ್ಟಿನಲ್ಲಿ ಆರು ಬೀಜ ಊರಿದೆ. ನಾಲ್ಕು ಮೊಳೆತವು, ಎರಡು ಉಳಿದವು. ನಮ್ಮದು ಹನ್ನೊಂದನೇ ಮಹಡಿ. ಬಟ್ಟೆ ಒಣಹಾಕುವ ತಂತಿಗೆ ಸುತಳಿ ಕಟ್ಟಿದ್ದೇ ತಡ, ಬಳ್ಳಿಗಳು ಗ್ರಿಲ್ ತುಂಬ ಹಬ್ಬಿದವು. ಜುಲೈ ಮಧ್ಯದಲ್ಲಿ ಹಳದಿ ಹೂ. ಮಗಳು ಕುಣಿದಾಡಿದಳು. ಮರುದಿನ ನೋಡಿದರೆ ಹೂವೆಲ್ಲ ನೆಲದಲ್ಲಿ. ಹತ್ತು ದಿನ ಇದೇ ಕತೆ: ಸಂಜೆ ಹೂ, ಬೆಳಿಗ್ಗೆ ಕಸಬರಿಗೆ.

ನಂತರ ಇನ್ನೊಂದು ಬಗೆಯ ಹೂ ಕಾಣಿಸಿತು. ಅದರ ಹಿಂದೆ ಬೆರಳುದ್ದದ ಪುಟ್ಟ ಹೀರೆಕಾಯಿ, ಏಣು ಸಮೇತ! ಫೋಟೋ ತೆಗೆದು ಮನೆಯ ವಾಟ್ಸ್ಆ್ಯಪ್ ಗುಂಪಿಗೆ ‘ಬಂತು’ ಅಂತ ಹಾಕಿದೆ. ನಾಲ್ಕನೇ ದಿನಕ್ಕೆ ಅದು ಹಳದಿಯಾಗಿ, ಮುದುಡಿ, ಮುಟ್ಟಿದರೆ ಕಳಚಿ ಬಿತ್ತು. ಆಮೇಲೆ ಇನ್ನೊಂದು, ಮತ್ತೊಂದು. ಗೊಬ್ಬರ ಹಾಕಿದೆ, ನೀರು ಹೆಚ್ಚಿಸಿದೆ, ಕಮ್ಮಿ ಮಾಡಿದೆ. ರಸ್ತೆಯಾಚೆಯ ನರ್ಸರಿಯವರು ‘ದೋಡಕಾ ಉದುರುತ್ತಾ? ಇದನ್ನು ಹೂವಿಗೆ ಹೊಡೀರಿ, ಕಾಯಿ ನಿಲ್ಲುತ್ತೆ’ ಎಂದು ಹಾರ್ಮೋನಿನ ಒಂದು ಬಾಟಲಿ ಕೊಟ್ಟರು. ಆ ಬಾಟಲಿಯ ವಿಷಯಕ್ಕೆ ಮುಂದೆ ಬರುತ್ತೇನೆ.

ಭಾನುವಾರ ಅವ್ವನಿಗೆ ವಿಡಿಯೋ ಕಾಲ್ ಮಾಡಿ ಬಳ್ಳಿ ತೋರಿಸಿದೆ. ಆಕೆ ಗೊಬ್ಬರದ ಬಗ್ಗೆ ಕೇಳಲೇ ಇಲ್ಲ.

‘ಹೂ ಯಾವಾಗ ಅರಳ್ತಾವ?’

‘ಸಂಜೀಕ, ಆರರ ಸುಮಾರ.’

‘ಅವಾಗ ಅಲ್ಲೆ ಹುಳ ಹುಪ್ಪಡಿ ಏನರ ಬರ್ತಾವೇನು?’

ನಾನು ಸುಮ್ಮನಾದೆ. ಸಂಜೆ ಆರಕ್ಕೆ ನಾನು ಆಫೀಸಿನಲ್ಲೋ ಟ್ರಾಫಿಕ್ಕಿನಲ್ಲೋ ಇರುತ್ತೇನೆ. ಆದರೂ ಉತ್ತರ ಗೊತ್ತಿತ್ತು. ಸೊಳ್ಳೆಗೆಂದು ವಾರಕ್ಕೊಮ್ಮೆ ಹೊಗೆ ಬಿಡುವ ಸೊಸೈಟಿ ನಮ್ಮದು. ಹಿಂದಿನ ಬೇಸಿಗೆಯಲ್ಲಿ ಏಳನೇ ಮಹಡಿಯ ಸಜ್ಜಾದ ಕೆಳಗೆ ಕಟ್ಟಿದ್ದ ಹೆಜ್ಜೇನನ್ನು ತೆಗೆಸಿದಾಗ, ಅದಕ್ಕೆ ಚಂದಾ ಕೊಟ್ಟವರಲ್ಲಿ ನಾನೂ ಒಬ್ಬ.

‘ಮದಲ ಉದುರಿದ್ದು ಗಂಡ ಹೂ. ಅವು ಉದುರೂವು ಹೌದು. ಹೀಚಗಾಯಿ ಇದ್ದದ್ದು ಹೆಣ್ಣ ಹೂ. ಅದಕ್ಕ ಗಂಡ ಹೂವಿನ ಪುಡಿ ತಾಗಬೇಕಲ್ಲಪಾ. ಹುಳ ಬರೂದಿಲ್ಲಂದ್ರ ನೀನs ಹುಳ ಆಗು’ ಅಂದಳು.

ಎಂಜಿನಿಯರಿಂಗ್ ಓದಿದ ನನಗೆ ಪಿಯುಸಿಯ ಜೀವಶಾಸ್ತ್ರ ಮರೆತು ಇಪ್ಪತ್ತು ವರ್ಷವಾಗಿತ್ತು. ಆ ರಾತ್ರಿ ಕೂತು ಓದಿದೆ. ಹೀರೆ, ಸೋರೆ, ಕುಂಬಳ, ಸೌತೆಯ ವಂಶದಲ್ಲಿ ಸಾಮಾನ್ಯವಾಗಿ ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೀರೆಯಲ್ಲಿ ಗಂಡು ಹೂಗಳು ಒಂದು ಉದ್ದ ತೊಟ್ಟಿನ ಮೇಲೆ ಗೊಂಚಲಾಗಿ ಬರುತ್ತವೆ, ಹೆಣ್ಣು ಹೂ ಒಂಟಿ. ಮೊದಲು ಗಂಡು ಹೂಗಳ ಸಾಲು, ಆಮೇಲೆ ಹೆಣ್ಣು. ಹೆಚ್ಚಿನ ಹೂಗಳು ಬೆಳಗಾಗುತ್ತಿದ್ದಂತೆ ಅರಳಿದರೆ ಹೀರೆ ಮತ್ತು ಸೋರೆ ಸಂಜೆಯ ಗಿರಾಕಿಗಳು. ಮಬ್ಬುಗತ್ತಲಲ್ಲಿ ಬರುವ ಪತಂಗಗಳನ್ನು, ತಡವಾಗಿ ಗೂಡಿಗೆ ಮರಳುವ ಜೇನನ್ನು ನಂಬಿದವು. ತುಪ್ಪದ ಹೀರೆ ಅದರ ಖಾಸಾ ಸಂಬಂಧಿ, ಆದರೂ ಬೆಳಿಗ್ಗೆ ಅರಳುತ್ತದೆ.

ನಾನು ಪುಟ್ಟ ಕಾಯಿ ಅಂದುಕೊಂಡಿದ್ದು ಇನ್ನೂ ಕಾಯಿಯೇ ಅಲ್ಲ ಎಂಬುದು ಆ ರಾತ್ರಿ ತಿಳಿದ ಮುಖ್ಯ ಸಂಗತಿ. ಅದು ಹೂವಿನ ಅಂಡಾಶಯ. ಹೂ ಅರಳುವ ಮುಂಚೆಯೇ ಗಿಡ ಅದನ್ನು ಅಚ್ಚುಕಟ್ಟಾಗಿ ಕಟ್ಟಿ, ಒಳಗೆ ಸಾಲುಸಾಲಾಗಿ ಅಂಡಕಗಳನ್ನು, ಅಂದರೆ ಬೀಜವಾಗಬಹುದಾದ ಬಿಳಿ ಚುಕ್ಕೆಗಳನ್ನು ಇಟ್ಟಿರುತ್ತದೆ. ಅಲ್ಲಿಗೆ ಕೆಲಸ ನಿಲ್ಲಿಸಿ ಕಾಯುತ್ತದೆ. ಪರಾಗ ಬಂದರೆ ಮುಂದಿನ ಖರ್ಚು, ಇಲ್ಲದಿದ್ದರೆ ಇಷ್ಟಕ್ಕೇ ಮುಗಿಯಿತು. ತೊಟ್ಟಿನ ಬುಡದಲ್ಲಿ ಒಂದು ತೆಳು ಪದರದ ಜೀವಕೋಶಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ, ಹೀಚು ಕಳಚಿ ಬೀಳುತ್ತದೆ. ಕೊಳೆತದ್ದಲ್ಲ, ರೋಗವಲ್ಲ. ಗಿಡವೇ ಬಿಟ್ಟುಕೊಟ್ಟದ್ದು.

ಪರಾಗ ಬಂದರೆ ಆಗುವುದು ಇನ್ನೂ ಸ್ವಾರಸ್ಯದ್ದು. ಹೆಣ್ಣು ಹೂವಿನ ನಡುವೆ ಅಂಟಂಟಾದ ಮೂರು ಹಾಲೆಯ ಗುಬುಟು ಇರುತ್ತದೆ, ಅದು ಶಲಾಕಾಗ್ರ. ಅದರ ಮೇಲೆ ಕೂತ ಪರಾಗದ ಪ್ರತಿ ಕಣವೂ ಮೊಳೆತು, ಕೂದಲಿಗಿಂತ ಸಪೂರವಾದ ಒಂದು ಕೊಳವೆಯನ್ನು ಕೆಳಗೆ ಇಳಿಸುತ್ತದೆ. ಕೊಳವೆ ಅಂಡಾಶಯವನ್ನು ಹೊಕ್ಕು, ಒಂದು ಅಂಡಕವನ್ನು ಹುಡುಕಿ ತಲುಪುತ್ತದೆ. ಒಂದು ಬೀಜಕ್ಕೆ ಒಂದು ಕಣ. ಕಾಯಿಯಲ್ಲಿ 50 ಬೀಜ ಆಗಬೇಕಿದ್ದರೆ ಕಡಿಮೆಯೆಂದರೂ 50 ಕಣ ಯಶಸ್ವಿಯಾಗಿ ಇಳಿಯಬೇಕು. ಕೊಳವೆಯಲ್ಲಿ ಬರುವವರು ಇಬ್ಬರು. ಒಂದು ಗಂಡು ಕೋಶ ಅಂಡದ ಜೊತೆ ಸೇರಿ ಗಿಡದ ಮರಿಯಾಗುತ್ತದೆ. ಇನ್ನೊಂದು, ಪಕ್ಕದಲ್ಲಿರುವ ಬೇರೊಂದು ಕೋಶದ ಜೊತೆ ಸೇರಿ ಆ ಮರಿಗೆ ಬುತ್ತಿಯಾಗುತ್ತದೆ. ತೆಂಗಿನಕಾಯಿಯ ನೀರು, ಕೊಬ್ಬರಿ ಎರಡೂ ಇಂಥ ಬುತ್ತಿಯೇ. ಈ ಜೋಡಿ ನಿಷೇಚನವನ್ನು ಮೊದಲು ಕಂಡವರು ಸೆರ್ಗೆಯ್ ನವಾಶಿನ್, 1898ರಲ್ಲಿ. ಕೇವಲ ಹೂ ಬಿಡುವ ಗಿಡಗಳಲ್ಲಿ ಇದು ಇಷ್ಟು ಸಲೀಸಾಗಿ ನಡೆಯುವ ವ್ಯವಸ್ಥೆ. 1962ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಪಂಚಾನನ ಮಹೇಶ್ವರಿ ಅವರ ತಂಡ ಗಸಗಸೆಯ ಅಂಡಕಗಳನ್ನು ಹೂವಿನಿಂದ ಹೊರತೆಗೆದು, ಗಾಜಿನ ನಳಿಕೆಯಲ್ಲೇ ಪರಾಗ ಸೇರಿಸಿ ಬೀಜ ಮಾಡಿಸಿತ್ತು. ನನ್ನ ಬಾಲ್ಕನಿಯ ಸಮಸ್ಯೆ ಅದರ ಮುಂದೆ ಸಣ್ಣದೆನಿಸಿ ಧೈರ್ಯ ಬಂತು.

ಮರುದಿನದಿಂದ ಸಂಜೆ ಐದಕ್ಕೆ ಆಫೀಸಿನಿಂದ ಏಳುವುದು ರೂಢಿಯಾಯಿತು. ಮ್ಯಾನೇಜರಿಗೆ ‘ಮನೆಯಲ್ಲಿ ಸ್ವಲ್ಪ ಕೆಲಸ’ ಅಂದೆ. ಹೀರೆಬಳ್ಳಿಗೆ ಹೂ ಮುಟ್ಟಿಸಬೇಕು ಎಂದು ಯಾವ ಬಾಯಿಂದ ಹೇಳುವುದು? ರಾತ್ರಿಯ ಕಾಲ್‌ಗಳನ್ನು ಎಂಟರ ನಂತರಕ್ಕೆ ದೂಡಿದೆ. ಕೆಲಸ ಎರಡು ನಿಮಿಷದ್ದು: ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ಹಳದಿ ಪುಡಿಯನ್ನು ಹೆಣ್ಣು ಹೂವಿನ ಮೂರೂ ಹಾಲೆಗೆ ಮೆತ್ತಗೆ ಸವರುವುದು. ಯಾವುದಕ್ಕೆ ಮುಟ್ಟಿಸಿದೆ ಎಂದು ನೆನಪಿರಲು ಮಗಳು ತೊಟ್ಟಿಗೆ ಕೆಂಪು ದಾರ ಕಟ್ಟುತ್ತಿದ್ದಳು. ಮೊದಲ ಮೂರು ದಿನ ಪುಣೆಯ ಜಡಿಮಳೆ ಅಡ್ಡಲಾಗಿ ಹೊಡೆದು ಪುಡಿಯೆಲ್ಲ ತೊಯ್ದು ಮುದ್ದೆ. ಆ ಮೂರೂ ಹೀಚು ಉದುರಿದವು. ನಾಲ್ಕನೆಯದಕ್ಕೆ ಛತ್ರಿ ಹಿಡಿದೆವು. ಐದನೇ ದಿನ ಅದು ಹಸಿರಾಗಿಯೇ ಇತ್ತು. ಆರನೇ ದಿನ ಸ್ಕೇಲ್ ಹಿಡಿದು ಅಳೆದ ಮಗಳು ‘ಪಪ್ಪಾ, ಉದ್ದ ಆಗೇದ!’ ಎಂದು ಕೂಗಿದ್ದು ಎದುರು ಫ್ಲ್ಯಾಟಿಗೂ ಕೇಳಿಸಿರಬೇಕು.

ಆದರೆ ಒಂದು ಪ್ರಶ್ನೆ ಉಳಿದಿತ್ತು. ಪರಾಗ ಸೇರುವುದು ಒಳಗಿನ ಬೀಜಕ್ಕೆ. ಹೊರಗಿನ ತಿರುಳಿಗೆ ‘ನೀನಿನ್ನು ಬೆಳಿ’ ಎಂದು ಹೇಳುವವರು ಯಾರು? ಇದಕ್ಕೆ ಅಂದವಾದ ಉತ್ತರ ಸಿಕ್ಕಿದ್ದು ನಮಗೆ ಹತ್ತಿರದ ಮಹಾಬಳೇಶ್ವರದ ಹಣ್ಣಿನಲ್ಲಿ. ಸ್ಟ್ರಾಬೆರಿಯ ಮೈಮೇಲೆ ಎಳ್ಳಿನಂಥ ಕಾಳು ಅಂಟಿಕೊಂಡಿರುತ್ತವಲ್ಲ, ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಿಜವಾದ ಹಣ್ಣುಗಳು ಅವೇ. ಒಂದೊಂದರೊಳಗೂ ಒಂದೊಂದು ಬೀಜ. ನಾವು ತಿನ್ನುವ ಕೆಂಪು ಭಾಗ ಹೂವಿನ ಪೀಠ ಉಬ್ಬಿದ್ದು. 1950ರಲ್ಲಿ ಜೆ.ಪಿ. ನಿಚ್ ಎಂಬ ವಿಜ್ಞಾನಿ ಎಳೆಯ ಸ್ಟ್ರಾಬೆರಿಯ ಮೇಲಿನ ಕಾಳುಗಳನ್ನೆಲ್ಲ ಕಿತ್ತು ನೋಡಿದರು. ಹಣ್ಣು ಬೆಳೆಯುವುದನ್ನೇ ನಿಲ್ಲಿಸಿತು. ಕೆಲವೇ ಕಾಳು ಉಳಿಸಿದರೆ, ಅವು ಇದ್ದ ಕಡೆ ಮಾತ್ರ ಉಬ್ಬಿತು. ಎಲ್ಲ ಕಾಳು ಕಿತ್ತು ಆ ಜಾಗಕ್ಕೆ ಆಕ್ಸಿನ್ ಎಂಬ ಹಾರ್ಮೋನಿನ ಲೇಪ ಹಚ್ಚಿದರೆ, ಬೀಜವೇ ಇಲ್ಲದೆಯೂ ಹಣ್ಣು ಬೆಳೆಯಿತು! ಬೆಳೆಯುತ್ತಿರುವ ಬೀಜ ಸುತ್ತಲಿನ ತಿರುಳಿಗೆ ಹಾರ್ಮೋನು ಕಳಿಸುತ್ತದೆ, ಅದನ್ನು ಕೇಳಿ ತಿರುಳು ಬೆಳೆಯುತ್ತದೆ. ಮೊದಲ ಕೆಲವು ದಿನ ಜೀವಕೋಶಗಳು ಒಡೆದು ಎರಡಾಗಿ, ನಾಲ್ಕಾಗಿ ಲೆಕ್ಕ ಹೆಚ್ಚಿಸಿಕೊಳ್ಳುತ್ತವೆ. ಆಮೇಲೆ ಒಂದೊಂದೂ ನೀರು ತುಂಬಿಕೊಂಡು ಬಲೂನಿನಂತೆ ಹಿಗ್ಗುತ್ತದೆ. ಹೀರೆಯ ತೂಕದಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಪಾಲು ನೀರೇ. ರಾತ್ರಿ ಬೆಳಗಾಗುವುದರೊಳಗೆ ಕಾಯಿ ಅಷ್ಟುದ್ದ ಜಿಗಿಯುವುದು ಅದಕ್ಕೇ.

ಈಗ ನರ್ಸರಿಯ ಬಾಟಲಿ. ಅದರ ಲೇಬಲ್ಲಿನಲ್ಲಿ ಬರೆದದ್ದೂ ಆಕ್ಸಿನ್ ಜಾತಿಯ ಹಾರ್ಮೋನೇ. ನರ್ಸರಿಯವರು ಸುಳ್ಳು ಹೇಳಿರಲಿಲ್ಲ. ಹೊಡೆದಿದ್ದರೆ ಕಾಯಿ ನಿಲ್ಲುತ್ತಿತ್ತೇನೋ. ಬೀಜದ ಪರವಾಗಿ ನಾವೇ ಗಿಡಕ್ಕೆ ಸುಳ್ಳು ಸಂದೇಶ ಕಳಿಸಿದಂತೆ. ಇದೇನೂ ಪಾಪದ ಕೆಲಸವಲ್ಲ. ನಾಶಿಕ, ಸಾಂಗಲಿ, ನಮ್ಮ ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ‘ಜಿಎ’ ಗೊತ್ತಿಲ್ಲದೇನಿಲ್ಲ. ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿಯಲ್ಲಿ ಬೀಜ ಕೂಡುತ್ತದೆ, ಆದರೆ ಎಳೆಯದರಲ್ಲೇ ಬಾಡಿಹೋಗುತ್ತದೆ. ಬೀಜದಿಂದ ಬರಬೇಕಿದ್ದ ಜಿಬ್ಬರೆಲಿನ್ ಕಮ್ಮಿಬಿದ್ದು ಕಾಳು ಸಣ್ಣದಾಗುತ್ತದೆ. ಅದನ್ನು ಹೊರಗಿನಿಂದ ಕೊಡಲು ಗೊಂಚಲನ್ನು ಆ ದ್ರಾವಣದಲ್ಲಿ ಅದ್ದುತ್ತಾರೆ. 1926ರಲ್ಲಿ ಜಪಾನಿನ ಐಚಿ ಕುರೊಸಾವಾ, ಭತ್ತದ ಸಸಿಯನ್ನು ಅಳತೆಮೀರಿ ಎತ್ತರ ಬೆಳೆಸುವ ಒಂದು ಶಿಲೀಂಧ್ರದ ರಸದಲ್ಲಿ ಇದರ ಸುಳಿವು ಹಿಡಿದದ್ದು. ಪುಣೆಯ ಮಾಲ್‌ಗಳಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ಕೂತಿರುವ ಪಾಲಿಹೌಸಿನ ಉದ್ದ ಸೌತೆ, ಪರಾಗದ ಹಂಗಿಲ್ಲದೆ ತಾನೇ ಕಾಯಾಗುವ ತಳಿ. ಸಾಸವಡ ರಸ್ತೆಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವ ಪುರಂದರದ ಅಂಜೂರವೂ ಹಾಗೆಯೇ. ನಮ್ಮೂರಿನ ಹಳ್ಳದ ದಂಡೆಯ ಅತ್ತಿಹಣ್ಣಿಗೆ ಒಳಹೊಕ್ಕು ಪರಾಗ ಮುಟ್ಟಿಸುವ ಪುಟ್ಟ ಕಣಜ ಬೇಕು, ಈ ಅಂಜೂರಕ್ಕೆ ಬೇಡ.

ತಿನ್ನಲಿಕ್ಕಾದರೆ ಬಾಟಲಿ ಸಾಕು. ನನಗೆ ಬೇಕಿದ್ದುದು ಬೀಜ. ಬಾಟಲಿಯ ಮುಚ್ಚಳ ತೆಗೆಯಲಿಲ್ಲ.

ದಾರ ಕಟ್ಟಿದ ಆ ಮೊದಲ ಕಾಯಿ ಹತ್ತು ದಿನದಲ್ಲಿ ತನ್ನ ನಿಜರೂಪ ತೋರಿಸಿತು. ಸೊಟ್ಟ! ಒಂದು ಮಗ್ಗುಲು ಉಬ್ಬಿ, ಇನ್ನೊಂದು ಸೊರಗಿ, ಪ್ರಶ್ನೆ ಚಿಹ್ನೆಯ ಹಾಗೆ ಬಾಗಿತ್ತು. ವಿಡಿಯೋದಲ್ಲಿ ನೋಡಿ ಅವ್ವ ನಕ್ಕಿದ್ದೇ ನಕ್ಕಿದ್ದು. ಕೊಯ್ದು ಅಡ್ಡ ಸೀಳಿದೆ. ಹೀರೆಯೊಳಗೆ ಮೂರು ಕೋಣೆ. ಉಬ್ಬಿದ ಕಡೆ ಬೀಜ ತುಂಬಿದ್ದವು, ಸೊರಗಿದ ಕಡೆ ಬರೀ ಚಪ್ಪಟೆ ಬಿಳಿ ಚೂರು. ಛತ್ರಿ ಹಿಡಿದ ಗಡಿಬಿಡಿಯಲ್ಲಿ ಪುಡಿ ಒಂದೇ ಹಾಲೆಗೆ ಬಿದ್ದಿರಬೇಕು. ಸಂತೆಯಲ್ಲಿ ಸೊಟ್ಟ ಸೌತೆ, ತಲೆ ದಪ್ಪ ಬುಡ ಸಣ್ಣ ಸೋರೆ ಕಂಡರೆ ಬದಿಗೆ ಸರಿಸುತ್ತಿದ್ದೆ. ಈಗ ಅಂಥದ್ದು ಕಂಡರೆ, ಆ ಹೂವಿಗೆ ಹುಳು ಅರ್ಧಂಬರ್ಧ ಬಂದು ಹೋಗಿರಬೇಕು ಅನ್ನಿಸುತ್ತದೆ. ನೀರಿನ ಕೊರತೆ, ಹುಳು ಚುಚ್ಚಿದ್ದು ಕೂಡ ಕಾರಣವಿರಬಹುದು ಬಿಡಿ. ಆ ಸೊಟ್ಟ ಹೀರೆಯ ಸಿಪ್ಪೆ ಹುರಿದು ಚಟ್ನಿ ಮಾಡಿದಾಗ, ಹದಿನೈದು ವರ್ಷದಲ್ಲಿ ಮೊದಲ ಬಾರಿ ಪುಣೆಯ ಅಡುಗೆಮನೆಯಲ್ಲಿ ಊರಿನ ವಾಸನೆ ಬಂತು. ಹೆಂಡತಿ ಬೆಳಗಾವಿಯವಳು, ಅವರ ಮನೆಯ ಚಟ್ನಿಯೇ ರುಚಿ ಅಂತ ಇಂದಿಗೂ ವಾದಿಸುತ್ತಾಳೆ.

ಉದುರುವುದರ ಬಗ್ಗೆ ಅಪ್ಪ ಬಹಳ ತಲೆ ಕೆಡಿಸಿಕೊಳ್ಳುತ್ತಿದ್ದುದು ನೆನಪಾಗುತ್ತದೆ. ಹೊಲದ ಬದುವಿನಲ್ಲಿ ನಮ್ಮದು ಎರಡು ಆಪೂಸಿನ ಮರ. ಶಿವರಾತ್ರಿಯ ಸುತ್ತಮುತ್ತ ಮರ ಪೂರ್ತಿ ಹೂವಾಗಿ ನಿಂತಾಗ, ಈ ಸಲ ಸಾಲ ತೀರಿತು ಎಂದು ಲೆಕ್ಕ ಹಾಕುತ್ತಿದ್ದ. ಆಮೇಲೆ ದಿನಾ ಬೆಳಿಗ್ಗೆ ಮರದ ಬುಡದಲ್ಲಿ ಉದುರಿದ ಮಿಡಿಗಳನ್ನು ಎಣಿಸುತ್ತ ಕೂರುತ್ತಿದ್ದ. ಮಾವಿನ ಒಂದು ಹೂಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂ. ಅದರಲ್ಲಿ ಬಹುಪಾಲು ಬರೀ ಗಂಡು. ಕಾಯಾಗಬಲ್ಲ ಹೂಗಳಿಗೂ ನೊಣ, ಪುಟ್ಟ ಜೇನು ಬಂದು ಮುಟ್ಟಬೇಕು. ಹೌದು, ನಾವು ಓಡಿಸುವ ನೊಣಗಳೇ ಮಾವಿನ ದೊಡ್ಡ ಆಳುಗಳು. ಮಿಡಿ ಕಚ್ಚಿದ ಮೇಲೂ ಮರ ತಾನು ಸಾಕಬಲ್ಲಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕಳಚುತ್ತದೆ. ಕೊನೆಗೆ ಹಣ್ಣಾಗುವುದು 100 ಹೂವಿಗೆ ಒಂದೂ ಅಲ್ಲ. ಬೂದಿ ರೋಗ, ಜಿಗಿಹುಳು, ಅಕಾಲದ ಮಳೆ ಬಂದರೆ ಅದೂ ಇಲ್ಲ, ಆ ನಷ್ಟ ಬೇರೆ. ಆದರೆ ಒಳ್ಳೆಯ ವರ್ಷದಲ್ಲೂ ಬುಡದಲ್ಲಿ ಮಿಡಿ ಚೆಲ್ಲಿರುತ್ತದೆ ಎಂದು ಆಗ ನನಗೆ ಗೊತ್ತಿದ್ದರೆ ಅಪ್ಪನಿಗೆ ಹೇಳುತ್ತಿದ್ದೆ. ಕೇಳುತ್ತಿದ್ದನೋ ಇಲ್ಲವೋ.

ಬಳ್ಳಿಗೂ ಇದೇ ಲೆಕ್ಕ, ನಮಗೆ ಬಿಸಿ ತಟ್ಟಿದ್ದು ಆಗಸ್ಟ್ ಕೊನೆಯಲ್ಲಿ. ಅಷ್ಟರಲ್ಲಿ ಕೈ ಪಳಗಿತ್ತು, ನೇರವಾದ ಐದು ಕಾಯಿ ತಿಂದಿದ್ದೆವು. ಬೀಜಕ್ಕೆ ಯಾವುದನ್ನು ಬಿಡುವುದು ಎಂದು ಕೇಳಿದಾಗ ಅವ್ವ, ‘ಬುಡದ ಕಡೆ ಇದ್ದ ಚಂದನ್ನ ಕಾಯಿ ಬಿಡು. ಅದನ್ನ ಬಿಟ್ಟಮ್ಯಾಗ ಬಾಕಿ ಆಸೆ ಬಿಡು’ ಎಂದಳು. ನನಗೆ ಆ ಎರಡನೇ ಮಾತು ಅರ್ಥವಾಗಲಿಲ್ಲ. ಒಂದು ಬಳ್ಳಿಯಲ್ಲಿ ಹಾಗೇ ಬಿಟ್ಟೆ. ಹದಿನೈದು ದಿನದಲ್ಲಿ ಆ ಬಳ್ಳಿಗೆ ಹೆಣ್ಣು ಹೂ ಕಮ್ಮಿಯಾದವು, ಬಂದವು ಕೂಡ ಪರಾಗ ಮುಟ್ಟಿಸಿದರೂ ಹಳದಿಯಾದವು. ಬೀಜ ಬಲಿಯುತ್ತಿರುವ ಕಾಯಿ ಎಲೆ ಮಾಡಿದ ಸಕ್ಕರೆಯನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುತ್ತದೆ. ಅದರ ಹಾರ್ಮೋನು ಹಿಂದೆ ಬಂದವುಗಳಿಗೆ ಜಾಗ ಕೊಡುವುದಿಲ್ಲ. ಎಳೆಯದರಲ್ಲೇ ಕೊಯ್ದಷ್ಟೂ ಬಳ್ಳಿ ಮತ್ತೆ ಮತ್ತೆ ಕಾಯಿಬಿಡುತ್ತದೆ, ಒಂದನ್ನು ಬಲಿಯಲು ಬಿಟ್ಟರೆ ಅದರ ಕೆಲಸ ಮುಗಿಯಿತೆಂದು ತಿಳಿಯುತ್ತದೆ. ಒಂದು ಬಕೆಟ್ಟಿನ ಮಣ್ಣಿನಲ್ಲಂತೂ ಎರಡೂ ಬೇಕು ಅಂದರೆ ಆಗುವುದಿಲ್ಲ. ಮಗಳು ಎರಡು ದಿನ ಮುನಿಸಿಕೊಂಡಿದ್ದಳು. ಇನ್ನೊಂದು ಬಳ್ಳಿ ಇತ್ತಲ್ಲ, ಅದೂ ಗಣಪತಿ ಹಬ್ಬದ ಹೊತ್ತಿಗೆ ಬೂದಿ ಹಿಡಿದು ಒಣಗಿತು.

ಹಾಗಾಗಿ ಈಗ ಎಲ್ಲವೂ ಒಂದೇ ಕಾಯಿಯ ಮೇಲೆ ನಿಂತಿದೆ. ಅದು ಹಸಿರಿನಿಂದ ಮಾಸಲಾಗಿ, ಹಳದಿಯಾಗಿ, ಈಗ ಕಂದು. ಎಲೆಗಳೆಲ್ಲ ಉದುರಿ ಬರೀ ದಂಟಿನಲ್ಲಿ ಜೋತಾಡುತ್ತಿದೆ. ಮನೆಗೆ ಬಂದವರು ಒಣಗಿದ್ದನ್ನು ಯಾಕೆ ಇಟ್ಟಿದ್ದೀರಿ ಅಂತ ಕೇಳುತ್ತಾರೆ. ಕೆಲಸದ ಮಾವಶಿ ಒಮ್ಮೆ ಕಸದ ಡಬ್ಬಿಗೆ ಹಾಕಲು ಕೈ ಹಾಕಿದ್ದಳು, ಮಗಳು ಕಿರುಚಿ ತಡೆದಳು. ಹೀರೆಯ ತುದಿಯಲ್ಲಿ ಒಂದು ಪುಟ್ಟ ಮುಚ್ಚಳ ಇರುತ್ತದೆ. ಪೂರ್ತಿ ಒಣಗಿದಾಗ ಅದು ತಾನಾಗಿ ಕಳಚಿ, ಗಾಳಿಗೆ ಅಲ್ಲಾಡಿದಂತೆ ಬೀಜ ಒಂದೊಂದಾಗಿ ಕೆಳಗೆ ಉದುರುತ್ತವೆ. ಹನ್ನೊಂದನೇ ಮಹಡಿಯಿಂದ ಪಾರ್ಕಿಂಗಿಗೆ ಬೀಳಬಾರದೆಂದು ಹಳೆಯ ಸೊಳ್ಳೆಪರದೆಯ ಚೂರು ಕಟ್ಟಿದ್ದೇನೆ.

ಮೊನ್ನೆ ಅವ್ವ, ಅದನ್ನು ಫೋನಿನ ಹತ್ತಿರ ಹಿಡಿದು ಅಲ್ಲಾಡಿಸು ಎಂದಳು. ಅಲ್ಲಾಡಿಸಿದೆ. ಒಳಗೆ ಗಿಲಿಗಿಲಿ ಸದ್ದು ನನಗೆ ಚೆನ್ನಾಗಿಯೇ ಕೇಳಿಸಿತು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ.

‘ಇನ್ನೊಂದು ಎಂಟು ದಿನ ಬಿಡು’ ಅಂದಳು. ‘ಸಪ್ಪಳ ಇನ್ನೂ ಜೋರ ಬರಬೇಕು.’